ತಪ್ಪು ಉತ್ತರ ಎಲ್ಲಿಂದ ಬಂತು ಎಂದು ಕೇಳುವ ಟೀಚರ್

ಪ್ರೀತಿಯ ಪೋಷಕರೇ,

ನಮಸ್ಕಾರ.

ಗಣಪತಿ ರಜೆ ಮುಗಿಯಿತು. ಊರಿಗೆ ಹೋಗಿದ್ದ ಮಕ್ಕಳಲ್ಲಿ ಹೆಚ್ಚಿನವರು ಮುಂಬಯಿಗೆ, ನಮ್ಮ ಕನ್ನಡ ಶಾಲೆಗೆ ಮರಳಿ ಬಂದಿದ್ದಾರೆ. ಇನ್ನೂ ಊರಲ್ಲೇ ಉಳಿದವರನ್ನು ದಯವಿಟ್ಟು ಈ ವಾರ ಕರೆತನ್ನಿ. ಮೊದಲ ಅವಧಿಯ ಪರೀಕ್ಷೆಗೆ ಜಾಸ್ತಿ ದಿನ ಉಳಿದಿಲ್ಲ.

ನಾನು ಇವತ್ತು ಬರೆಯಲು ಕೂತಿದ್ದು ಬೇರೆ ವಿಷಯಕ್ಕೆ. ಹೋದ ಸಭೆ ಮುಗಿದ ಮೇಲೆ ಎರಡನೇ ತರಗತಿಯ ಏಳೆಂಟು ಮಂದಿ ತಾಯಂದಿರು, ತಂದೆಯಂದಿರು ನನ್ನ ಕೋಣೆಗೆ ಬಂದಿರಿ. ಹೊಸ ಟೀಚರ್ ಬಗ್ಗೆ ನಿಮಗೆ ಸಮಾಧಾನ ಇರಲಿಲ್ಲ. ಮೇ ತಿಂಗಳಲ್ಲಿ ನಿವೃತ್ತರಾದ ಹಳೆಯ ಟೀಚರ್ ದಿನಕ್ಕೆ ಎರಡು ಪುಟ ಬರೆಸುತ್ತಿದ್ದರು. ಇವರು ಅರ್ಧ ಪುಟವೂ ಬರೆಸುವುದಿಲ್ಲ. ತಪ್ಪಿಗೆ ಕೆಂಪು ಗೆರೆ ಎಳೆಯುವುದಿಲ್ಲ. ಜೋರು ಮಾಡುವುದಿಲ್ಲ. ಒಬ್ಬ ತಾಯಿ ಹೇಳಿದ ಮಾತು ನನ್ನ ತಲೆಯಲ್ಲೇ ಉಳಿಯಿತು. "ಮೇಡಂ, ಇವರು ಹೇಳಿಕೊಡೋದಕ್ಕಿಂತ ಮಕ್ಕಳ ಹತ್ರ ಕೇಳೋದೇ ಜಾಸ್ತಿ. ಟೀಚರ್‌ಗೇ ಗೊತ್ತಿಲ್ವಾ?"

ಆ ದಿನ ನಾನು ಉತ್ತರ ಕೊಡಲಿಲ್ಲ. ನನಗೂ ಸ್ವಲ್ಪ ಅನುಮಾನ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಮರುದಿನದಿಂದ ಒಂದು ವಾರ ಅವರ ಗಣಿತದ ಪಿರಿಯಡ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಕೂತೆ. ಅಲ್ಲಿ ಕಂಡದ್ದನ್ನು ಟೀಚರ್ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಮುಂದೆ ಹೇಳುವ ಹುಡುಗನ ತಾಯಿಯನ್ನೂ ಕೇಳಿದ್ದೇನೆ.

ಎರಡನೇ ದಿನ ಟೀಚರ್ ಸಂಖ್ಯೆ ಹೇಳಿ ಬರೆಸುತ್ತಿದ್ದರು. "ಇಪ್ಪತ್ತೈದು" ಅಂದರು. ಒಬ್ಬ ಹುಡುಗ 52 ಎಂದು ಬರೆದ. "ಐವತ್ತೆರಡು" ಅಂದರು. ಅವನು 25 ಎಂದು ಬರೆದ. ನಾನಾಗಿದ್ದರೆ ಎರಡಕ್ಕೂ ಗೆರೆ ಎಳೆದು, ಸರಿ ಉತ್ತರ ಹತ್ತು ಸಲ ಬರೆಯಲು ಹೇಳುತ್ತಿದ್ದೆ. ಇವರು ಅವನ ಪಕ್ಕ ನೆಲದ ಮೇಲೆ ಕೂತರು. "ಇನ್ನೊಂದ್ಸಲ ಬರಿ. ಬರೀವಾಗ ಮನಸ್ಸಲ್ಲಿ ಏನು ಹೇಳ್ಕೊಳ್ತೀಯೋ ಅದನ್ನ ನಂಗೂ ಕೇಳಿಸು" ಅಂದರು. ಅವನು ಮೆಲ್ಲಗೆ "ಪಂಚವೀಸ್" ಎಂದ. ಮೊದಲು 5 ಬರೆದ, ಆಮೇಲೆ 2.

ನಿಮಗೆ ಈಗಾಗಲೇ ಗೊತ್ತಾಗಿರಬೇಕು, ಅಲ್ವಾ? ಕನ್ನಡದಲ್ಲಿ ಇಪ್ಪತ್ತೈದು ಅಂದರೆ ಇಪ್ಪತ್ತು ಮೊದಲು, ಐದು ಆಮೇಲೆ. ತುಳುವಿನಲ್ಲೂ ಹಾಗೇ. ಮರಾಠಿಯ "ಪಂಚವೀಸ್"ನಲ್ಲಿ ಐದು ಮೊದಲು ಕೇಳಿಸುತ್ತದೆ, ಇಪ್ಪತ್ತು ಆಮೇಲೆ. ಹಿಂದಿಯಲ್ಲೂ ಅದೇ ಕ್ರಮ. ಐವತ್ತೆರಡು ಮರಾಠಿಯಲ್ಲಿ "ಬಾವನ್ನ". ಅಲ್ಲಿ ಎರಡರ ಸದ್ದು ಮೊದಲು. ಇನ್ನು 29ಕ್ಕೆ "ಏಕೋಣತೀಸ್" ಅನ್ನುತ್ತಾರೆ. ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಆ ಹುಡುಗ ಹುಟ್ಟಿ ಬೆಳೆದದ್ದು ಮರಾಠಿ ಮನೆಗಳ ಚಾಳಿನಲ್ಲಿ, ಅಂದರೆ ವಠಾರದಲ್ಲಿ. ಬಾಲವಾಡಿಗೆ ಹೋದದ್ದೂ ಮರಾಠಿಯಲ್ಲಿ. ಟೀಚರ್ ಕನ್ನಡದಲ್ಲಿ ಹೇಳಿದ್ದನ್ನು ಅವನು ತಲೆಯಲ್ಲಿ ಮರಾಠಿ ಮಾಡಿಕೊಂಡು, ಕಿವಿಗೆ ಬಿದ್ದ ಕ್ರಮದಲ್ಲೇ ಬರೆಯುತ್ತಿದ್ದ. ಅವನಿಗೆ ಲೆಕ್ಕ ಬರುತ್ತಿರಲಿಲ್ಲ ಎಂದಲ್ಲ. ಏಳು ವರ್ಷದ ಮಗು ಯಾರೂ ಹೇಳಿಕೊಡದೆ ಎರಡು ಭಾಷೆಯ ನಡುವೆ ಓಡಾಡುತ್ತಿತ್ತು.

ಟೀಚರ್ ಅವನಿಗೆ ಮರಾಠಿ ಬಿಡು ಅನ್ನಲಿಲ್ಲ. ಹಿಡಿಸೂಡಿಯ (ತೆಂಗಿನ ಗರಿಯ ಪೊರಕೆಯ) ಕಡ್ಡಿಗಳನ್ನು ಹತ್ತತ್ತು ಮಾಡಿ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳಿದ್ದವು. ಎರಡು ಕಟ್ಟು, ಐದು ಬಿಡಿ ಕಡ್ಡಿ ಅವನ ಮುಂದೆ ಇಟ್ಟರು. "ಕನ್ನಡದಲ್ಲಿ ಹೇಳು" ಅಂದರು. ಹೇಳಿದ. "ಈಗ ಮರಾಠಿಯಲ್ಲಿ ಹೇಳು." ಹೇಳಿದ. "ಕಟ್ಟು ಎಷ್ಟು?" ಎರಡು. "ಭಾಷೆ ಬದಲಾದಾಗ ಕಟ್ಟು ಜಾಸ್ತಿ ಆಯ್ತಾ?" ಅವನು ನಕ್ಕ. ಕಟ್ಟಿನ ಅಂಕಿ ಎಡಕ್ಕೆ, ಬಿಡಿ ಅಂಕಿ ಬಲಕ್ಕೆ, ಯಾವ ಭಾಷೆಯಲ್ಲಿ ಕರೆದರೂ ಅಷ್ಟೇ. ಶುಕ್ರವಾರದ ಹೊತ್ತಿಗೆ ಅವನೇ ಪಕ್ಕದವಳಿಗೆ ಇದನ್ನು ಹೇಳಿಕೊಡುತ್ತಿದ್ದ.

ಈ ತೊಡಕು ನಮ್ಮ ಮಕ್ಕಳದ್ದು ಮಾತ್ರ ಅಂದುಕೊಳ್ಳಬೇಡಿ. 2019ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಎರಡನೇ ತರಗತಿ ಮರಾಠಿ ಗಣಿತ ಪುಸ್ತಕದಲ್ಲಿ "ಪಂಚವೀಸ್" ಜೊತೆಗೆ "ವೀಸ್ ಪಾಚ್" (ಇಪ್ಪತ್ತು ಐದು) ಎಂದು ಓದುವ ಕ್ರಮವನ್ನೂ ತಂದಾಗ ರಾಜ್ಯದಲ್ಲೆಲ್ಲ ದೊಡ್ಡ ಚರ್ಚೆ ಆಯಿತು. ಗಣಿತಜ್ಞೆ ಮಂಗಲಾ ನಾರಳೀಕರ್ ಆ ಬದಲಾವಣೆಯ ಪರವಾಗಿ ನಿಂತರು. ಹೇಳುವ ಕ್ರಮ, ಬರೆಯುವ ಕ್ರಮ ಒಂದೇ ಆದರೆ ಮಕ್ಕಳಿಗೆ ಸುಲಭ ಎಂಬುದು ಅವರ ವಾದ. ಅಂದರೆ ಮರಾಠಿ ಮನೆಯ ಮಕ್ಕಳಿಗೇ ಇದು ಎಡವುವ ಜಾಗ. ನಮ್ಮ ಮಕ್ಕಳು ಅಲ್ಲಿ ಇನ್ನಷ್ಟು ಎಡವಿದರೆ ಆಶ್ಚರ್ಯ ಇಲ್ಲ. ಎಡವುವ ಜಾಗ ಯಾವುದು ಎಂದು ಟೀಚರ್‌ಗೆ ಗೊತ್ತಿರಬೇಕು, ಅಷ್ಟೇ. ಅಮೆರಿಕದ ಲೀ ಶುಲ್ಮನ್ ಎಂಬ ಶಿಕ್ಷಣ ತಜ್ಞರು 1986ರಲ್ಲಿ ಇದನ್ನೇ ಹೇಳಿದರು. ವಿಷಯ ಗೊತ್ತಿದ್ದರೆ ಸಾಲದು, ಪಾಠ ಮಾಡುವ ವಿಧಾನ ಗೊತ್ತಿದ್ದರೂ ಸಾಲದು. ಯಾವ ವಿಷಯ ಮಕ್ಕಳಿಗೆ ಯಾಕೆ ಕಷ್ಟ, ಅವರು ಮೊದಲೇ ಏನು ತಪ್ಪು ತಿಳಿದುಕೊಂಡು ಬರುತ್ತಾರೆ ಎಂಬುದೂ ಟೀಚರ್ ತಿಳಿದಿರಬೇಕಾದ ವಿದ್ಯೆಯೇ.

ನನಗೆ ಈ ವಿದ್ಯೆ ಬಹಳ ತಡವಾಗಿ ಬಂತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬೇರೊಂದು ಶಾಲೆಯಲ್ಲಿ, ನಾನು ಆರನೇ ತರಗತಿಗೆ ದಶಾಂಶ ಕಲಿಸುತ್ತಿದ್ದೆ. 0.25 ದೊಡ್ಡದೋ 0.3 ದೊಡ್ಡದೋ ಎಂದು ಕೇಳಿದೆ. ಒಬ್ಬ ಹುಡುಗಿ ಉತ್ಸಾಹದಿಂದ ಎದ್ದು 0.25 ಅಂದಳು. ಇಷ್ಟು ದಿನ ಹೇಳಿದ್ದು ಎಲ್ಲಿ ಹೋಯಿತು ಎಂದು ಎಲ್ಲರ ಮುಂದೆ ಗದರಿದೆ. ಅವಳ ಲೆಕ್ಕ ಸರಳವಾಗಿತ್ತು. 25 ದೊಡ್ಡದು, 3 ಚಿಕ್ಕದು. ಅವತ್ತಿನವರೆಗೆ ಅವಳು ಕಲಿತ ಎಲ್ಲ ಸಂಖ್ಯೆಗಳಲ್ಲಿ ಅದು ನಿಜವೇ ಆಗಿತ್ತು. ನಾನು ಕೇಳಲಿಲ್ಲ. ಆ ವರ್ಷ ಮುಗಿಯುವವರೆಗೆ ನನ್ನ ಪಿರಿಯಡ್‌ನಲ್ಲಿ ಅವಳು ಮತ್ತೆ ಕೈ ಎತ್ತಲಿಲ್ಲ. ಅವಳ ಮುಖ ನನಗೆ ಈಗಲೂ ನೆನಪಿದೆ.

ನಮ್ಮ ಈಗಿನ ಆರನೇ ತರಗತಿಯ ಸರ್ ಇದನ್ನು ಕಲಿಸುವುದು ತರಕಾರಿ ಗಾಡಿಯ ತೂಕದ ಮಷಿನ್ ತೋರಿಸಿ. ಪಾವ್ ಕಿಲೋ ಕಾಂದಾ, ಅಂದರೆ ಕಾಲು ಕಿಲೋ ಈರುಳ್ಳಿ ಇಟ್ಟರೆ ಮಷಿನ್ 0.250 ತೋರಿಸುತ್ತದೆ. ಅರ್ಧ ಕಿಲೋ ಇಟ್ಟರೆ 0.500. ಹಾಗಾದರೆ 0.3 ಅಂದರೆ ಮಷಿನ್ ಏನು ತೋರಿಸಬೇಕು? 0.300. ಮುಂದಿನದ್ದನ್ನು ಮಕ್ಕಳೇ ಹೇಳುತ್ತಾರೆ. ಸಂಜೆ ತಾಯಿಯ ಜೊತೆ ಗಾಡಿ ಹತ್ತಿರ ನಿಲ್ಲುವ ಹುಡುಗಿ ಆ ದಿನ ಇಡೀ ತರಗತಿಗೆ ಪಾಠ ಮಾಡಿದಳು.

ಮಕ್ಕಳನ್ನು ಜಾಸ್ತಿ ಕೇಳುತ್ತಾರೆ ಎಂಬ ದೂರಿನ ಬಗ್ಗೆ ಇನ್ನೊಂದು ಮಾತು. ಕೇಳಿದರೆ ಸಾಲದು, ಕಾಯಬೇಕು. 1970ರ ದಶಕದಲ್ಲಿ ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ತರಗತಿಗಳ ಮಾತನ್ನು ಟೇಪ್ ಮಾಡಿ ಅಳೆದರು. ಟೀಚರ್ ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡ್ ಕಾಯುತ್ತಿದ್ದರು. ಆಮೇಲೆ ಇನ್ನೊಬ್ಬರನ್ನು ಕೇಳುತ್ತಿದ್ದರು, ಇಲ್ಲವೇ ತಾವೇ ಉತ್ತರ ಹೇಳಿಬಿಡುತ್ತಿದ್ದರು. ಮೂರು ಸೆಕೆಂಡ್ ಕಾದಾಗ ಉತ್ತರ ಉದ್ದವಾಯಿತು. ಸುಮ್ನೆ ಕೂರುತ್ತಿದ್ದ ಮಕ್ಕಳೂ ಮಾತಾಡಿದರು. ನಮ್ಮ ಮಕ್ಕಳನ್ನು ನೆನೆಸಿಕೊಳ್ಳಿ. ಮನೆಯಲ್ಲಿ ತುಳು ಅಥವಾ ಕಲಬುರಗಿ ಕಡೆಯ ಕನ್ನಡ, ಗಲ್ಲಿಯಲ್ಲಿ ಮರಾಠಿ, ಟೀವಿಯಲ್ಲಿ ಹಿಂದಿ, ಪುಸ್ತಕದಲ್ಲಿ ಗ್ರಂಥದ ಕನ್ನಡ. ಒಂದು ಸೆಕೆಂಡಿನಲ್ಲಿ ಪ್ರಶ್ನೆ ಅರ್ಥವಾಗಿ, ಉತ್ತರ ಹೊಳೆದು, ಸರಿಯಾದ ಪದ ಸಿಗಬೇಕು ಅಂದರೆ ಹೇಗೆ? ನಾನು ಗಡಿಯಾರ ನೋಡುತ್ತ ಕೂತೆ. ಹೊಸ ಟೀಚರ್ ನಾಲ್ಕು ಸೆಕೆಂಡ್ ಕಾಯುತ್ತಾರೆ, ಕೆಲವೊಮ್ಮೆ ಐದು. ಹಿಂದೆ ಕೂತು ನೋಡಿದರೆ ಅದು ಬಹಳ ಉದ್ದದ ಮೌನ. ಟೀಚರ್ ಸುಮ್ನೆ ನಿಂತಿದ್ದಾರೆ ಅನಿಸುತ್ತದೆ. ನಿಜ ಹೇಳಬೇಕೆಂದರೆ, ಆ ಸುಮ್ನೆ ನಿಲ್ಲುವುದೇ ಬಹಳ ಕಷ್ಟದ ಕೆಲಸ.

ನನ್ನ ತಂದೆ ಹಗಲು ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಹೋಟೆಲಿನಲ್ಲಿ ಕಪ್, ಬಸಿ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದರು. ನಿಮ್ಮಲ್ಲಿ ಎಷ್ಟೋ ಮನೆಯ ಅಜ್ಜಂದಿರು ಹಾಗೆಯೇ ಓದಿದವರು. ಪಾಠದ ನಡುವೆ ಅಪ್ಪನಿಗೆ ನಿದ್ದೆ ಬಂದುಬಿಡುತ್ತಿತ್ತಂತೆ. ಮಾಸ್ತರು ಹೊಡೆದು ಎಬ್ಬಿಸುತ್ತಿರಲಿಲ್ಲ. ಹತ್ತು ನಿಮಿಷ ಮಲಗಲು ಬಿಟ್ಟು, ಎಬ್ಬಿಸಿ, ಅಪ್ಪ ಎಲ್ಲಿಗೆ ಬಿಟ್ಟಿದ್ದರೋ ಆ ಲೆಕ್ಕದಿಂದಲೇ ಮತ್ತೆ ಶುರು ಮಾಡಿಸುತ್ತಿದ್ದರಂತೆ. ಅಪ್ಪ ಕೊನೆಯವರೆಗೂ ಆ ಮಾಸ್ತರ ಹೆಸರು ಹೇಳುವಾಗ ಕೈ ಮುಗಿಯುತ್ತಿದ್ದರು.

ಇನ್ನು ಹೊಡೆಯುವ ವಿಷಯ. "ನಾಲ್ಕು ಹಾಕಿ ಟೀಚರ್, ನಾವೇನೂ ಅನ್ನಲ್ಲ" ಎಂದು ನೀವು ಪ್ರೀತಿಯಿಂದಲೇ ಹೇಳುತ್ತೀರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ನಾನು ಬೇಡ ಅನ್ನುತ್ತಿದ್ದೆ. ಹೆದರಿದ ಮಗು ತಪ್ಪನ್ನು ಬಚ್ಚಿಡುತ್ತದೆ. ಪಕ್ಕದವನ ಪುಸ್ತಕ ನೋಡಿ 25 ಎಂದು ಬರೆಯುತ್ತದೆ. ಆಗ ಪುಸ್ತಕ ಚಂದ ಕಾಣುತ್ತದೆ. "ಪಂಚವೀಸ್" ಎಂಬ ಪಿಸುಮಾತು ಯಾರಿಗೂ ಕೇಳಿಸುವುದೇ ಇಲ್ಲ.

ಹಳೆಯ ಟೀಚರ್ ಕಡಿಮೆಯವರು ಎಂದು ನಾನು ಹೇಳುತ್ತಿಲ್ಲ. ಯಾವ ಮಗು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ ಎಂದು ಮುಖ ನೋಡಿಯೇ ಹೇಳುತ್ತಿದ್ದರು ಅವರು. ಅದು ದೊಡ್ಡ ಗುಣ. ಒಳ್ಳೆಯ ಟೀಚರ್ ಎಲ್ಲರೂ ಒಂದೇ ಅಚ್ಚಿನಲ್ಲಿ ಇರುವುದಿಲ್ಲ. ಕೆಲವರದು ದೊಡ್ಡ ಗಂಟಲು, ಕೆಲವರದು ಸಣ್ಣದು. ನಾನು ಹೊಸಬರನ್ನು ಆರಿಸುವಾಗ ಒಂದನ್ನು ಮಾತ್ರ ನೋಡುತ್ತೇನೆ. ಮಗು ತಪ್ಪು ಹೇಳಿದಾಗ ಇವರಿಗೆ ಸಿಟ್ಟು ಬರುತ್ತದೋ, ಕುತೂಹಲ ಹುಟ್ಟುತ್ತದೋ? ಜೊತೆಗೆ ತಮಗೆ ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳುವ ಧೈರ್ಯ ಇದೆಯೋ? ಜುಲೈ ಮಳೆಯಲ್ಲಿ ನಾಲ್ಕನೇ ತರಗತಿಯ ಒಬ್ಬಳು "ಸಮುದ್ರದ ನೀರು ಉಪ್ಪು, ಮಳೆ ನೀರು ಯಾಕೆ ಉಪ್ಪಿಲ್ಲ?" ಎಂದು ಕೇಳಿದಳು. ಅಲ್ಲಿನ ಟೀಚರ್ "ಸರಿಯಾಗಿ ತಿಳ್ಕೊಂಡು ನಾಳೆ ಹೇಳ್ತೀನಿ" ಅಂದರು. ಮರುದಿನ ಬಿಸಿ ಉಪ್ಪುನೀರಿನ ಪಾತ್ರೆ ತಂದು ತಟ್ಟೆ ಮುಚ್ಚಿದರು. ತಟ್ಟೆಗೆ ಅಂಟಿದ ಹನಿಯನ್ನು ಮಕ್ಕಳು ನೆಕ್ಕಿ ನೋಡಿದರು. ಸಪ್ಪೆ. ಉಪ್ಪು ಪಾತ್ರೆಯಲ್ಲೇ ಉಳಿದಿತ್ತು. ಭಾಂಡುಪ್, ಕಾಂಜೂರ್‌ಮಾರ್ಗ್ ಕಡೆ ಹೈವೇ ಪಕ್ಕದ ಉಪ್ಪಿನ ಆಗರಗಳಲ್ಲಿ ಆಗುತ್ತಿದ್ದುದೂ ಇದೇ ಎಂದು ಆಮೇಲೆ ಹೇಳಿದರು.

ನಿಮ್ಮಿಂದ ನನಗೆ ಒಂದು ಸಹಾಯ ಬೇಕು. ಮನೆಯಲ್ಲಿ ಮಕ್ಕಳ ತಪ್ಪನ್ನು ರಬ್ಬರಿನಿಂದ ಅಳಿಸಬೇಡಿ. ಟ್ಯೂಷನ್‌ನಲ್ಲೂ ಹಾಗೆ ಹೇಳಿ. ನೀವು ರಾತ್ರಿ ಹತ್ತು ಗಂಟೆಗೆ ಕೆಲಸದಿಂದ ಬಂದು, ಕಣ್ಣು ಎಳೆಯುತ್ತಿದ್ದರೂ ಮಗುವಿನ ಪುಸ್ತಕ ತೆರೆದು ಸರಿ ಮಾಡಿ ಕಳಿಸುತ್ತೀರಿ. ಆ ಅಕ್ಕರೆ ನನಗೆ ಗೊತ್ತು. ಆದರೆ ಬೆಳಿಗ್ಗೆ ಟೀಚರ್ ಕೈಗೆ ಬರುವುದು ನಿಮ್ಮ ಉತ್ತರ, ಮಗುವಿನದಲ್ಲ. ತಪ್ಪು ಕಂಡರೆ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟು ಹಾಗೇ ಕಳಿಸಿ. "ಇದು ಹೇಗೆ ಬಂತು ಮಗಾ?" ಎಂದು ಒಮ್ಮೆ ಕೇಳಿ. ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ನಿರಿ.

ಬರುವ ಶನಿವಾರದಿಂದ ಯಾವ ತರಗತಿಯಲ್ಲಾದರೂ ನೀವು ಬಂದು ಕೂರಬಹುದು. ಒಂದು ಪಿರಿಯಡ್‌ಗೆ ಇಬ್ಬರು. ಹಿಂದಿನ ಬೆಂಚು ನಿಮಗೆ. ಹೋಟೆಲ್ ಕೆಲಸದವರಿಗೆ ಬೆಳಿಗ್ಗೆ ಬಿಡುವು ಸಿಗುವುದಿಲ್ಲ ಎಂದು ಗೊತ್ತು. ಅವರು ತಮ್ಮ ವಾರದ ರಜೆಯ ದಿನ ಬರಲಿ, ಮೊದಲೇ ತಿಳಿಸಿದರೆ ಸಾಕು.

ಎರಡನೇ ತರಗತಿಗೆ ಕಡ್ಡಿಗಳು ಸಾಲುತ್ತಿಲ್ಲ. ಒಂದು ಮಗುವಿಗೆ ನೂರು ಬೇಕು. ಮನೆಯಲ್ಲಿ ಹಳೆಯ ಹಿಡಿಸೂಡಿ ಇದ್ದರೆ ಎಸೆಯಬೇಡಿ. ಕಡ್ಡಿ ತೊಳೆದು, ಬೆರಳುದ್ದ ಕತ್ತರಿಸಿ, ಮಕ್ಕಳ ಕೈಯಲ್ಲಿ ಕಳಿಸಿ. ರಬ್ಬರ್ ಬ್ಯಾಂಡ್ ಇದ್ದರೆ ಅದನ್ನೂ ಕಳಿಸಿ.

ನಿಮ್ಮ ಪ್ರೀತಿಯ,
ಮುಖ್ಯೋಪಾಧ್ಯಾಯಿನಿ
ಕನ್ನಡ ಮಾಧ್ಯಮ ಶಾಲೆ, ಮುಂಬಯಿ