ಬಯಲಿಂದ ಬಯಲಿಗೆ

ಮಾಲ್ಟಾ, ಮೊಂಟಾನಾ, ಅಮೆರಿಕ

ಅಪ್ಪನಿಗೆ, ಅವ್ವನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೀನಿ. ಚಳ್ಳಕೆರೆ ಕಡೆ ಮಳೆ ಬಂತು ಅಂತ ತಮ್ಮ ಹೇಳಿದ, ಖುಷಿಯಾಯ್ತು. "ದನ ಕಾಯೋರಿಗೆ ನೀನೇನಮ್ಮ ಹೇಳಿಕೊಡ್ತೀಯ?" ಅಂತ ಅಪ್ಪ ಕೇಳಿದ್ರಲ್ಲ, ಫೋನಿನಲ್ಲಿ ಬಿಡಿಸಿ ಹೇಳೋಕಾಗಲಿಲ್ಲ.

ಇಲ್ಲಿಯೂ ಮರ ಕಡಿಮೆ, ಗಾಳಿ ಜಾಸ್ತಿ, ಮಳೆ ಅಷ್ಟಕ್ಕಷ್ಟೆ. 1970ರಿಂದೀಚೆಗೆ ಅಮೆರಿಕ, ಕೆನಡಾದ ಹುಲ್ಲುಗಾವಲು ಹಕ್ಕಿಗಳಲ್ಲಿ ಅರ್ಧಕ್ಕೂ ಹೆಚ್ಚು ಇಲ್ಲವಾಗಿವೆ. ಬಯಲು ಉತ್ತು ಬೆಳೆ ಹಾಕಿದ್ದು ಅದಕ್ಕೆ ದೊಡ್ಡ ಕಾರಣ. ದನ ಸಾಕೋರು ಉಳಿದರೆ ಬಯಲು ನೇಗಿಲಿಗೆ ಸಿಗದೆ ಹುಲ್ಲು ಉಳಿಯುತ್ತೆ. ಅದಕ್ಕೇ ಹಕ್ಕಿ ಉಳಿಸೋ ಕೆಲಸದಲ್ಲಿರೋ ನಾವು ಅವರ ಜೊತೆ ಕೂತು, ಯಾವ ತಿಂಗಳು ಯಾವ ಬೇಲಿಯೊಳಗೆ ದನ ಬಿಡಬೇಕು, ಯಾವುದಕ್ಕೆ ಬಿಡುವು ಕೊಡಬೇಕು ಅಂತ ಗೊತ್ತುಮಾಡ್ತೀವಿ. ಅರ್ಧ ಮೇಯಿಸಿ ಅರ್ಧ ಬಿಡಬೇಕು ಅನ್ನೋದು ಅವರದೇ ಹಳೇ ಲೆಕ್ಕ. ಬುಡದವರೆಗೂ ಮೇಯಿಸಿದರೆ ಬೇರು ಸೊರಗುತ್ತೆ.

ಮೊನ್ನೆ ಲಾಂಗ್‌ಸ್ಪರ್ ಅನ್ನೋ ಹಕ್ಕಿಯ ಗೂಡು ನೋಡಿದೆ. ಗುಬ್ಬಿಯಷ್ಟೇ ಗಾತ್ರ, ಕತ್ತಿನ ಹಿಂದೆ ಕೆಂಗಂದು ಪಟ್ಟಿ. ಒಣಗಿದ ಸಗಣಿಗೆ ಒತ್ತಿಕೊಂಡಂತೆ ನೆಲದಲ್ಲೊಂದು ಗುಳಿ, ಒಳಗೆ ನವುರಾದ ಹುಲ್ಲು, ಅದರ ಮೇಲೆ ಚುಕ್ಕೆ ಚುಕ್ಕೆ ಮೊಟ್ಟೆ. ದನ ಮೇಯ್ದು ಹೋದ ಗಿಡ್ಡ ಹುಲ್ಲೇ ಇದಕ್ಕೆ ಬೇಕು! ಬೇರ್ಡ್ಸ್ ಸ್ಪ್ಯಾರೋ ಅನ್ನೋ ಇನ್ನೊಂದು ಹಕ್ಕಿಗೋ ಎತ್ತರದ ಹುಲ್ಲು, ಹೋದ ವರ್ಷದ ಒಣಹುಲ್ಲು ಬೇಕು. ಹಾಗಾಗಿ ಬಯಲೆಲ್ಲ ಒಂದೇ ಸಮ ಮೇಯಿಸಬಾರದು.

ನಮ್ಮಲ್ಲಿ ಇದು ಹೊಸದೇನಲ್ಲ. ಮೈಸೂರು ಅರಸರ ಕಾಲದಲ್ಲಿ ಅಮೃತ ಮಹಲ್ ದನಗಳಿಗೆ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಕಾವಲು, ಅಂದ್ರೆ ಮೇವಿಗೆಂದೇ ಕಾದಿಟ್ಟ ಹುಲ್ಲುಗಾವಲು, ಇರುತ್ತಿದ್ದವು. ಒಂದರಲ್ಲಿ ದನ ಇದ್ದಾಗ ಇನ್ನೊಂದು ಚಿಗುರುತ್ತಿತ್ತು. ಈಗ ಕಾವಲು ಕರಗಿ, ಉಳಿದ ತುಂಡಿನ ಮೇಲೇ ವರ್ಷವಿಡೀ ಕುರಿ, ದನ ಎಲ್ಲ ಬೀಳುತ್ತವೆ. ತಪ್ಪು ಕುರಿಯವರದಲ್ಲ, ಅವರಿಗೆ ಬೇರೆ ಜಾಗ ಎಲ್ಲಿದೆ?

ಅಪ್ಪ, ಒಂದು ಕೇಳಿಕೊಳ್ಳಲಾ? ಗುಡ್ಡದ ಕೆಳಗಿನ ಗೋಮಾಳದಲ್ಲಿ ಕಾಲುಭಾಗವನ್ನಾದರೂ ಈ ಮಳೆಗಾಲ ಮುಗಿಯೋವರೆಗೆ ಮೇಯಿಸದೆ ಬಿಡೋಕಾಗುತ್ತಾ ಅಂತ ಕುರಿಯವರನ್ನು ಕೂರಿಸಿ ಮಾತಾಡಿ. ನೆಲಗುಬ್ಬಿ, ಗೌಜಲಹಕ್ಕಿ ಮರಿ ಮಾಡಿಕೊಳ್ಳಲಿ. ಬಲಿತ ಹುಲ್ಲು ಆಮೇಲೆ ಅವರ ಕುರಿಗೇ ಸಿಗುತ್ತೆ. ನಿಮ್ಮ ಮಾತು ಕೇಳ್ತಾರೆ.

ಇನ್ನೊಂದು. ಇಲ್ಲಿ ದನದ ನೀರಿನ ತೊಟ್ಟಿಗೆ ಒಳಗಡೆ ಜಾಲರಿಯ ಇಳಿಜಾರು ಕಟ್ಟಿಸ್ತೀವಿ, ನೀರಿಗೆ ಬಿದ್ದ ಹಕ್ಕಿ ಹತ್ತಿ ಬರಲಿ ಅಂತ. ಬೋರ್‌ವೆಲ್ ಹತ್ತಿರದ ನಮ್ಮ ತೊಟ್ಟಿಯ ಮೂಲೆಯಲ್ಲಿ ನೀರಿಗಿಂತ ಮೇಲೆ ಬರೋ ಹಾಗೆ ಕಲ್ಲು ಪೇರಿಸೋಕೆ ತಮ್ಮನಿಗೆ ಹೇಳಿ. ಅವ್ವ, ಮಂಡಿನೋವಿನ ಮಾತ್ರೆ ತಪ್ಪಿಸಬೇಡ.

ನಿಮ್ಮ ಮಗಳು
ಶೈಲಾ