ಪ್ರಮಾಣಪತ್ರ ಮೊದಲು, ಅಪ್‌ಗ್ರೇಡ್ ಆಮೇಲೆ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲೆಯ ಸಹಕಾರ ಸಂಘವೊಂದರಲ್ಲಿ ಕಳೆದ ಬೇಸಿಗೆಯಲ್ಲಿ ಪಾವತಿ ಇದ್ದಕ್ಕಿದ್ದಂತೆ ನಿಂತುಹೋಗಿ, ರಾಶಿ, ಬೆಟ್ಟೆ ಅಡಿಕೆ ಮಾರಿದ ಹಣಕ್ಕಾಗಿ ಬಂದಿದ್ದ ಬೆಳೆಗಾರರು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳಿಕೊಂಡು ಊರಿಗೆ ಮರಳಬೇಕಾಯಿತು. ಅಂದು ಯಂತ್ರ ಕೆಟ್ಟಿರಲಿಲ್ಲ, ಕರೆಂಟು ಹೋಗಿರಲಿಲ್ಲ, ಒಂದು ಲೆಕ್ಕವೂ ಕಳೆದುಹೋಗಿರಲಿಲ್ಲ. ಲೆಕ್ಕ ಇಡುವ ತಂತ್ರಾಂಶವಾದ ಡೇಟಾಬೇಸ್‌ನ ಹೊಸ ಆವೃತ್ತಿಯಲ್ಲಿ ಭದ್ರತಾ ಪ್ರಮಾಣಪತ್ರದ, ಅಂದರೆ ಸರ್ವರ್‌ನ ಗುರುತನ್ನು ದೃಢಪಡಿಸುವ ಡಿಜಿಟಲ್ ಪತ್ರದ ನಿಯಮ ಬದಲಾಗಿರುವುದನ್ನು ಗುತ್ತಿಗೆದಾರರು ಮೊದಲೇ ನೋಡಿಕೊಂಡಿರಲಿಲ್ಲ, ಅಷ್ಟೆ. ಆ ಸಂಘದ ಸದಸ್ಯನೂ ಇದೇ ಕೆಲಸವನ್ನು ವೃತ್ತಿಯಾಗಿ ಮಾಡುವವನೂ ಆದ ನಾನು, ಬೇರೆ ಸಂಘಗಳಿಗೆ ಈ ತೊಂದರೆ ಬಾರದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಸಂಘದ ಲೆಕ್ಕವೆಲ್ಲ ಶಿವಮೊಗ್ಗ, ಸಾಗರ ಮತ್ತು ತೀರ್ಥಹಳ್ಳಿಯ ಮೂರು ಸರ್ವರ್‌ಗಳ ಕ್ಲಸ್ಟರ್‌ನಲ್ಲಿದೆ. ಮೂರರಲ್ಲೂ ಒಂದೇ ಮಾಹಿತಿಯ ಪ್ರತಿ ಇರುತ್ತದೆ. ಹೊಸ ಬರಹವೊಂದು ಖಾಯಂ ಆಗಬೇಕಾದರೆ ಮೂರರಲ್ಲಿ ಎರಡು, ಐದಿದ್ದರೆ ಮೂರು ಒಪ್ಪಬೇಕು. ಈ ಬಹುಮತದ ಬಲದಿಂದಲೇ ಒಂದೊಂದೇ ಸರ್ವರ್ ನಿಲ್ಲಿಸಿ ಹೊಸ ಆವೃತ್ತಿ ಹಾಕುತ್ತ ಹೋದರೂ ಕೌಂಟರಿನ ಕೆಲಸ ನಿಲ್ಲದು. ಆದರೆ ಸರ್ವರ್‌ಗಳು ಪರಸ್ಪರ ಮಾತಾಡುವಾಗಲೆಲ್ಲ ಪ್ರಮಾಣಪತ್ರ ತೋರಿಸಿಕೊಳ್ಳುತ್ತವೆ, ಮತ್ತು ಆ ಪತ್ರವನ್ನು ಒಪ್ಪುವ ನಿಯಮವೇ ಹೊಸ ಆವೃತ್ತಿಯಲ್ಲಿ ಬದಲಾಗಿದ್ದರೆ ಬಹುಮತ ಸೇರುವುದಾದರೂ ಹೇಗೆ?

ಆದದ್ದೂ ಅದೇ. ಬಹಳ ಹಿಂದೆ ಮಾಡಿಸಿದ್ದ ಆ ಪ್ರಮಾಣಪತ್ರಗಳಲ್ಲಿ ಸರ್ವರ್‌ನ ಹೆಸರು ‘ಕಾಮನ್ ನೇಮ್’ ಎಂಬ ಹಳೆಯ ಜಾಗದಲ್ಲಿ ಮಾತ್ರ ಇತ್ತು. ಹೆಸರುಗಳನ್ನು ‘ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್’ ಎಂಬ ಪ್ರತ್ಯೇಕ ಪಟ್ಟಿಯಲ್ಲಿ ಬರೆಯಬೇಕೆಂಬ ಸೂಚನೆ 2000ನೇ ಇಸವಿಯಷ್ಟು ಹಿಂದಿನದು. ಕ್ರೋಮ್ ಬ್ರೌಸರ್ 2017ರಲ್ಲೇ ಹಳೆಯ ಜಾಗವನ್ನು ನೋಡುವುದನ್ನು ಬಿಟ್ಟಿತು. ಹಲವು ಕ್ಲಸ್ಟರ್ ಡೇಟಾಬೇಸ್‌ಗಳನ್ನು ಬರೆದಿರುವ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆ 2020ರ 1.15 ಆವೃತ್ತಿಯಲ್ಲಿ ಅದೇ ದಾರಿ ಹಿಡಿಯಿತು. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರಿದ್ದರೆ ಸಾಲದ ಅರ್ಜಿ ಹೇಗೆ ಮೇಜಿನ ಮೇಲೇ ಉಳಿಯುತ್ತದೆಯೋ ಹಾಗೆ, ಗುರುತು ಸರಿಯಾದ ಜಾಗದಲ್ಲಿ ಇಲ್ಲದ ಸರ್ವರ್‌ನ ಸಂಪರ್ಕ ಬಾಗಿಲಲ್ಲೇ ನಿಲ್ಲುತ್ತದೆ.

ಮೊದಲು ಶಿವಮೊಗ್ಗದ ಸರ್ವರ್‌ಗೆ ಹೊಸ ಆವೃತ್ತಿ ಹಾಕಿದರು. ಅದು ಉಳಿದೆರಡರ ಪತ್ರವನ್ನು ತಿರಸ್ಕರಿಸಿ ಹೊರಗುಳಿಯಿತು. ಸಾಗರ, ತೀರ್ಥಹಳ್ಳಿಗಳು ತಮ್ಮಷ್ಟಕ್ಕೆ ಕೆಲಸ ನಡೆಸಿದ್ದರಿಂದ ಯಾರಿಗೂ ಅದು ಗೊತ್ತಾಗಲಿಲ್ಲ. ಸರ್ವರ್ ತನ್ನ ಆಗುಹೋಗು ಬರೆದಿಡುವ ಲಾಗ್ ಕಡತದಲ್ಲಿ ‘ಪ್ರಮಾಣಪತ್ರವು ಹಳೆಯ ಕಾಮನ್ ನೇಮ್ ಅನ್ನು ನೆಚ್ಚಿಕೊಂಡಿದೆ’ ಎಂಬರ್ಥದ ಒಂದೇ ಸಾಲು ಮತ್ತೆ ಮತ್ತೆ ಬೀಳುತ್ತಿತ್ತು. ಅದನ್ನು ಓದದೆ ಸಾಗರದ ಸರ್ವರ್‌ಗೂ ಕೈ ಹಾಕಿದ್ದೇ ತಡ, ಮೂರೂ ಒಂದನ್ನೊಂದು ಬಿಟ್ಟು ಬೇರೆಯಾದವು, ಬಹುಮತ ಮುರಿಯಿತು, ಪಾವತಿ ನಿಂತಿತು. ಒಂದು ಸರ್ವರ್ ಗುಂಪಿಗೆ ಮರಳಿ ಸೇರಿದ್ದನ್ನು ಖಚಿತಪಡಿಸಿಕೊಳ್ಳದೆ ಮುಂದಿನದನ್ನು ಮುಟ್ಟಬಾರದೆಂಬ ನಿಯಮ ಪಾಲಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ.

ಆಮೇಲೆ ಮಾಡಿದ್ದು ನನಗೆ ಹೆಚ್ಚು ಆತಂಕ ತಂದಿದೆ. ಬೆಳೆಗಾರರ ಒತ್ತಡ ತಾಳಲಾರದೆ ಪ್ರಮಾಣಪತ್ರದ ಪರಿಶೀಲನೆಯನ್ನೇ ‘ತಾತ್ಕಾಲಿಕವಾಗಿ’ ತೆಗೆದುಹಾಕಿದರು. ಹಾಗೆ ಮಾಡಿದಾಗ ಜಾಲದೊಳಗೆ ನುಸುಳಿದ ಯಾವ ಯಂತ್ರವಾದರೂ ತಾನೇ ಸಂಘದ ಸರ್ವರ್ ಎಂದು ಹೇಳಿಕೊಳ್ಳಬಹುದು. ಸದಸ್ಯರ ಖಾತೆ ಸಂಖ್ಯೆ, ಸಾಲದ ವಿವರಗಳೆಲ್ಲ ಅದರ ಮುಂದೆ ತೆರೆದಿರುತ್ತವೆ. ಇಂಥ ಅಡ್ಡದಾರಿಗಳು ಬಾಳಿಕೆ ಬರುವುದೂ ಇಲ್ಲ. ಹಳೆಯ ಪತ್ರಗಳನ್ನು ಸ್ವಲ್ಪ ಕಾಲ ಒಪ್ಪಿಸಲು ಗೋ ಭಾಷೆ ಕೊಟ್ಟಿದ್ದ ಸವಲತ್ತು 2021ರ 1.17 ಆವೃತ್ತಿಯಲ್ಲಿ ಇಲ್ಲವಾಯಿತು.

ಸರಿಯಾದ ಕ್ರಮ ಕಷ್ಟದ್ದೇನಲ್ಲ, ತಾಳ್ಮೆ ಬೇಕು. ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ಸಾಧನದಲ್ಲಿ ಒಂದು ಆಜ್ಞೆ ಕೊಟ್ಟರೆ ಪತ್ರದ ಹೆಸರುಗಳ ಪಟ್ಟಿ, ಸಹಿಯ ವಿಧಾನ, ಮುಗಿಯುವ ದಿನಾಂಕ ಎಲ್ಲವೂ ಕಣ್ಣೆದುರಿಗೆ ಬರುತ್ತವೆ. ಪತ್ರ ನೀಡುವ ಮೂಲ ಪ್ರಾಧಿಕಾರವೇ ಬದಲಾಗುವುದಾದರೆ, ಹಳೆಯ ಮತ್ತು ಹೊಸ ಎರಡೂ ಮೂಲಗಳನ್ನು ನಂಬುವಂತೆ ಮೊದಲು ಪ್ರತಿ ಸರ್ವರ್‌ನಲ್ಲೂ ವ್ಯವಸ್ಥೆ ಮಾಡಬೇಕು. ನಂತರ ಹಳೆಯ ಆವೃತ್ತಿ ನಡೆಯುತ್ತಿರುವಾಗಲೇ, ಸರ್ವರ್‌ನ ಪೂರ್ಣ ಹೆಸರು ಮತ್ತು ಬಳಕೆಯಲ್ಲಿದ್ದರೆ ಐಪಿ ವಿಳಾಸವನ್ನೂ ಪಟ್ಟಿಯಲ್ಲಿ ಬರೆದ ಹೊಸ ಪತ್ರಗಳನ್ನು ಒಂದೊಂದಾಗಿ ಹಾಕಬೇಕು. ಅದು ಕೆಲವು ದಿನ ಸುಗಮವಾಗಿ ನಡೆದ ಮೇಲಷ್ಟೇ, ಬ್ಯಾಕಪ್ ತೆಗೆದು, ಅದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ, ಡೇಟಾಬೇಸ್ ಅಪ್‌ಗ್ರೇಡ್‌ಗೆ ಹೊರಡಬೇಕು. ಏಕೆಂದರೆ ಕೆಲವು ಡೇಟಾಬೇಸ್‌ಗಳಲ್ಲಿ ಅಪ್‌ಗ್ರೇಡ್ ಅಂತಿಮಗೊಂಡ ಮೇಲೆ ಹಿಂದಿನ ಆವೃತ್ತಿಗೆ ಮರಳಲಾಗುವುದಿಲ್ಲ. ಹಳೆಯ ಮೂಲವನ್ನು ತೆಗೆಯುವುದು ಎಲ್ಲಕ್ಕಿಂತ ಕೊನೆಯ ಕೆಲಸ.

ಮಲೆನಾಡಿನಲ್ಲಿ ಕಾಲವನ್ನೂ ನೋಡಬೇಕು. ಮೂರರಲ್ಲಿ ಒಂದನ್ನು ಅಪ್‌ಗ್ರೇಡ್‌ಗೆಂದು ನಿಲ್ಲಿಸಿದ ಹೊತ್ತಿಗೇ ಗಾಳಿಮಳೆಗೆ ಮರ ಬಿದ್ದು ತೀರ್ಥಹಳ್ಳಿಯ ಲೈನು ಕಡಿದರೆ ಬಹುಮತಕ್ಕೆ ಜನವೇ ಇರುವುದಿಲ್ಲ. ಆಷಾಢದ ಮಳೆಯಲ್ಲಾಗಲಿ ಅಡಿಕೆ ಪಾವತಿಯ ಬಿರುಸಿನಲ್ಲಾಗಲಿ ಈ ಕೆಲಸ ಇಟ್ಟುಕೊಳ್ಳಬಾರದು.

ನಿಯಮಗಳು ಇನ್ನೂ ಬಿಗಿಯಾಗಲಿವೆ. ಬ್ರೌಸರ್‌ಗಳು ನಂಬುವ ಸಾರ್ವಜನಿಕ ಪ್ರಾಧಿಕಾರಗಳು ನೀಡುವ ಪ್ರಮಾಣಪತ್ರಗಳ ಗರಿಷ್ಠ ಅವಧಿ 2029ರ ಮಾರ್ಚ್ 15ರಿಂದ 47 ದಿನಕ್ಕೆ ಇಳಿಯುತ್ತದೆ. ಕ್ಲಸ್ಟರ್‌ನ ಸರ್ವರ್ ಕೆಲವೊಮ್ಮೆ ಕರೆ ಸ್ವೀಕರಿಸುತ್ತದೆ, ಕೆಲವೊಮ್ಮೆ ತಾನೇ ಕರೆ ಮಾಡುತ್ತದೆ, ಹಾಗಾಗಿ ಹಲವು ಡೇಟಾಬೇಸ್‌ಗಳಲ್ಲಿ ಅದರ ಪತ್ರಕ್ಕೆ ಎರಡೂ ಬಗೆಯ ಅನುಮತಿ ಬೇಕು. ಸಾರ್ವಜನಿಕ ಪ್ರಾಧಿಕಾರಗಳು ಎರಡನೆಯದನ್ನು, ಅಂದರೆ ಕರೆ ಮಾಡುವ ಅನುಮತಿಯನ್ನು, ಕೈಬಿಡುತ್ತಿವೆ. ಒಳಗಿನ ಸರ್ವರ್‌ಗಳಿಗೆ ಸಂಘಗಳು ತಮ್ಮದೇ ಖಾಸಗಿ ಪ್ರಾಧಿಕಾರ ಇಟ್ಟುಕೊಂಡು, ಅದರ ಕೀಲಿಯನ್ನು ಜೋಪಾನ ಮಾಡುವುದೇ ಸರಿಯೆಂದು ನನ್ನ ಅಭಿಪ್ರಾಯ.

ಸಂಘಗಳ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು: ಯಾವುದೇ ಅಪ್‌ಗ್ರೇಡ್‌ಗೆ ಮಂಜೂರಾತಿ ನೀಡುವ ಮೊದಲು ಪ್ರತಿ ಸರ್ವರ್‌ನ ಪ್ರಮಾಣಪತ್ರದ ವಿವರವನ್ನು ಗುತ್ತಿಗೆದಾರರಿಂದ ಲಿಖಿತವಾಗಿ ಪಡೆಯಿರಿ, ಮತ್ತು ಪರಿಶೀಲನೆ ತೆಗೆದುಹಾಕಿ ಕೆಲಸ ಮುಗಿಸಿದರೆ ಬಿಲ್ ಪಾಸಾಗದೆಂದು ಕರಾರಿನಲ್ಲೇ ಬರೆಸಿರಿ.

— ಸಹಕಾರ ಸಂಘದ ಸದಸ್ಯ, ತೀರ್ಥಹಳ್ಳಿ