ಹೊಗೆ ಸಾಕು, ಬೇವಿನೆಣ್ಣೆ ಹಾಕಿಸಿ: ಪುರಸಭೆ ಮುಖ್ಯಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮ ಓಣಿಗೆ ವಾರಕ್ಕೊಮ್ಮೆ ನೀರು ಬಿಡುತ್ತೀರಿ. ಡ್ರಮ್ಮು, ತೊಟ್ಟಿಗಳಲ್ಲಿ ತುಂಬಿಡದೆ ನಮಗೆ ಗತಿಯಿಲ್ಲ. ಕಳೆದ ತಿಂಗಳು ನಿಮ್ಮ ಸಿಬ್ಬಂದಿ ಬಂದು ನಮ್ಮ ಹಿತ್ತಲಿನ ಡ್ರಮ್ಮಿಗೆ ಟಾರ್ಚ್ ಬಿಟ್ಟು ನೋಡಿ, ಸೊಳ್ಳೆಯ ಮರಿಹುಳು (ಲಾರ್ವಾ) ಇದೆ ಎಂದು 400 ರೂಪಾಯಿ ದಂಡ ಬರೆದರು. 2024ರಲ್ಲಿ ಸರ್ಕಾರವೇ ತಂದ ನಿಯಮ, ತಕರಾರಿಲ್ಲದೆ ಕಟ್ಟಿದೆ. ಆದರೆ ನಮ್ಮ ಗೋಡೆಯಾಚೆಗೇ ಪುರಸಭೆಯ ಶೆಡ್ಡಿದೆ. ಕಸದ ಗಾಡಿಗಳ ಹಳೆಯ ಟೈರುಗಳು ಅಲ್ಲಿ ಬಯಲಲ್ಲೇ ರಾಶಿ ಬಿದ್ದಿವೆ. ಅವರನ್ನು ಕರೆದೊಯ್ದು ಅದೇ ಟಾರ್ಚನ್ನು ಒಂದು ಟೈರಿನೊಳಗೆ ಹಿಡಿಸಿದೆ. ಮಳೆನೀರಿನ ಮೇಲ್ಪದರಕ್ಕೆ ಬಾಲ ತಾಗಿಸಿ ತಲೆಕೆಳಗಾಗಿ ತೂಗುತ್ತಿದ್ದ ಹುಳುಗಳು ಬೆಳಕು ಬಿದ್ದೊಡನೆ ಬಳುಕುತ್ತಾ ತಳಕ್ಕಿಳಿದವು. "ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದು ಅವರು ಹೊರಟೇ ಹೋದರು. ನನ್ನ ಮಗಳು ಆಗ ಡೆಂಗಿ ಜ್ವರದಿಂದ ಆಸ್ಪತ್ರೆಯಲ್ಲಿದ್ದಳು. ಪ್ರತಿ ಬೆಳಗ್ಗೆ ಪ್ಲೇಟ್‌ಲೆಟ್ ವರದಿ ಬರುವವರೆಗೆ ಅವಳ ತಾಯಿ ಬಾಯಿಗೆ ನೀರು ಹಾಕುತ್ತಿರಲಿಲ್ಲ. ಸಾಹೇಬರೇ, ಪುರಸಭೆಗೆ ದಂಡ ಹಾಕುವವರು ಯಾರು?

ದೂರು ಕೊಟ್ಟರೆ ಹೊಗೆ ಗಾಡಿ ಬರುತ್ತದೆ, ಅದೂ ಕತ್ತಲಾದ ಮೇಲೆ. ಡೆಂಗಿ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅಡಗುವುದು ಮನೆಯೊಳಗೆ ನೇತುಹಾಕಿದ ಬಟ್ಟೆಗಳ ಮರೆಯಲ್ಲಿ. ಇದು ನಿಮಗೆ ತಿಳಿಯದ ವಿಷಯವಲ್ಲ. ಹೊಗೆ ನೀರಿನಲ್ಲಿರುವ ಮರಿಹುಳುವನ್ನು ಮುಟ್ಟುವುದೇ ಇಲ್ಲ. ವಾರ, ಹತ್ತು ದಿನದಲ್ಲಿ ಅದಕ್ಕೆ ರೆಕ್ಕೆ ಬಂದಿರುತ್ತದೆ.

ನಾವು ಕೇಳುತ್ತಿರುವುದು ಬೇವಿನೆಣ್ಣೆ. ಅದರಲ್ಲಿರುವ ಅಜಾಡಿರಾಕ್ಟಿನ್, ಹುಳು ಪೊರೆ ಕಳಚಿ ಬೆಳೆಯುವುದನ್ನೇ ತಡೆಯುತ್ತದೆ. ಬರೀ ಎಣ್ಣೆ ನೀರಿನಲ್ಲಿ ಬೆರೆಯದು, ಸೋಪಿನ ನೀರಿನೊಂದಿಗೆ ಕದಡಬೇಕು. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ತೊಗರಿಗೆ ಬೇವಿನ ಔಷಧಿ ಹೊಡೆಯುವ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬಿಸಿಲಿಗೆ ಅದರ ಸತ್ವ ಬೇಗ ಇಳಿಯುತ್ತದೆ. ಆದ್ದರಿಂದ ವಾರ ವಾರ ಹಾಕಿಸಬೇಕು, ತಪ್ಪದೆ ಹಾಕಿಸಬೇಕು. ಕುಡಿಯುವ ನೀರಿಗೆ ಬೇಡ, ಅಲ್ಲಿ ಮುಚ್ಚಳವೇ ಇರಲಿ. ಮೀನಿರುವ ಕೆರೆಗೂ ಬೇಡ. ಟೈರು, ಬಳಸದ ತೊಟ್ಟಿ, ಕಟ್ಟಡದ ಗುಂಡಿ, ಕಟ್ಟಿಕೊಂಡ ಚರಂಡಿ, ಇವಕ್ಕೆ ಹಾಕಿಸಿ. ಚರಂಡಿಯ ಸೊಳ್ಳೆ ಆನೆಕಾಲು ರೋಗ ಹರಡುತ್ತದೆ. ಊದಿದ ಕಾಲು ಎಳೆದುಕೊಂಡು ಸಂತೆಗೆ ಬರುವ ಹಿರಿಯರನ್ನು ಈ ಭಾಗದಲ್ಲಿ ನೀವೂ ನೋಡಿರುತ್ತೀರಿ.

ಎಣ್ಣೆಗೆ ಅನುದಾನವಿಲ್ಲ ಎನ್ನಬೇಡಿ. ಮುಂಗಾರು ಹೊತ್ತಿಗೆ ಬೇವಿನ ಹಣ್ಣು ಉದುರಿ ರಸ್ತೆಯಲ್ಲೇ ತುಳಿದುಹೋಗುತ್ತದೆ. ಸ್ತ್ರೀಶಕ್ತಿ ಸಂಘದವರಿಂದ ಬೀಜ ಆರಿಸಿ, ಗಾಣಕ್ಕೆ ಕೊಡಿಸಿ. ಅವರ ಕೈಗೂ ನಾಲ್ಕು ಕಾಸು ಸೇರುತ್ತದೆ.

ದಂಡ ಬೇಕಾದರೆ ಹಾಕಿ. ಹೊಗೆ ಗಾಡಿಯನ್ನೂ ಕಳಿಸಿ. ಆದರೆ ನಿಂತ ನೀರಿಗೆ ವಾರಕ್ಕೊಮ್ಮೆ ಬೇವಿನೆಣ್ಣೆ ಹಾಕಿಸಿ. ಯಾವ ವಾರ್ಡಿಗೆ ಯಾವ ದಿನ ಸಿಬ್ಬಂದಿ ಬರುತ್ತಾರೆಂದು ಕಚೇರಿಯ ಬೋರ್ಡಿನ ಮೇಲೆ ಬರೆಸಿ, ಈ ಮಳೆಗಾಲದೊಳಗೇ ಬರೆಸಿ.

ಇಂತಿ,
ನಿಮ್ಮ ಊರಿನ ಒಬ್ಬ ತೆರಿಗೆದಾರ